ಅಂಬಾಸಿಡರ್, ಪದ್ಮಿನಿಗಳ ದೀಪ, ಹಾರ್ನ್ ಕೈಕೊಟ್ಟಾಗ: ದೋಷ ಸ್ವಿಚ್ಚಿನದೇ, ಬೇರೆಡೆಯದೇ?

ಮಳೆಗಾಲದ ಒಂದು ಇರುಳು. ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದು ಆಗುಂಬೆ ಘಾಟಿಯ ತಿರುವುಗಳನ್ನು ಒಂದೊಂದಾಗಿ ಇಳಿಯುತ್ತಿದೆ ಎಂದಿಟ್ಟುಕೊಳ್ಳೋಣ. ಎದುರಿನಿಂದ ಬಸ್ಸೊಂದರ ಬೆಳಕು ಕಾಣಿಸುತ್ತದೆ. ಚಾಲಕ ಎಂದಿನಂತೆ ಸ್ಟೀರಿಂಗ್ ಕೆಳಗಿನ ಲಿವರ್ ಸರಿಸಿ ಹೆಡ್‌ಲೈಟನ್ನು ಡಿಪ್ ಮಾಡುತ್ತಾನೆ. ಬೆಳಕು ತಗ್ಗುವುದಿಲ್ಲ, ಪೂರ್ತಿ ಆರಿಹೋಗುತ್ತದೆ. ಮುಂದೆ ಮಂಜು, ಬದಿಯಲ್ಲಿ ಕಣಿವೆ, ಕಣ್ಣೆದುರು ಕಗ್ಗತ್ತಲೆ. ಗಾಬರಿಯಾಗದೆ ಲಿವರನ್ನು ಹಿಂದಿನ ಸ್ಥಾನಕ್ಕೆ ತಂದರೆ ಬೆಳಕು ಮರಳಿ ಬರುವ ಸಾಧ್ಯತೆ ಇದೆ. ಆದರೆ ಆ ಒಂದೆರಡು ಕ್ಷಣಗಳಲ್ಲಿ ಏನು ಬೇಕಾದರೂ ಆಗಿಹೋಗಬಹುದು.

ಇಂತಹ ಘಟನೆಯ ಮೂಲವನ್ನು ಹುಡುಕುತ್ತ ಹೋದರೆ ಅನೇಕ ವೇಳೆ ಸಿಗುವುದು ಉಗುರಿನಷ್ಟು ಅಗಲದ ಒಂದು ಹಿತ್ತಾಳೆಯ ತುಣುಕು. ಸ್ಟೀರಿಂಗ್ ಚಕ್ರದ ಕೆಳಗೆ, ಕಂಬದ ಮುಚ್ಚಳದೊಳಗೆ ಅಡಗಿರುವ ಸ್ವಿಚ್ಚಿನ ಸಂಪರ್ಕ ಬಿಂದು ಅದು. ದಶಕಗಳ ಕಾಲ ಸಾವಿರಾರು ಬಾರಿ ಉಜ್ಜಿ, ಕಿಡಿ ಹಾರಿಸಿ, ಕಪ್ಪಾಗಿ ಸವೆದುಹೋದ ಆ ತುಣುಕು ಕಾರಿನ ಕಣ್ಣನ್ನೂ ದನಿಯನ್ನೂ ಒಮ್ಮೆಲೇ ಕಸಿದುಕೊಳ್ಳಬಲ್ಲದು.

ಅದೇ ವೇಳೆ, ಸ್ಟೀರಿಂಗ್ ಸ್ವಿಚ್ಚಿನ ಮೇಲೆ ಹೊರಿಸಲಾಗುವ ಅಪವಾದಗಳೆಲ್ಲವೂ ನಿಜವಲ್ಲ ಎಂಬುದೂ ಅಷ್ಟೇ ಮುಖ್ಯ. ಫ್ಯೂಸು, ಫ್ಲ್ಯಾಷರ್, ಬಲ್ಬಿನ ಹೋಲ್ಡರು, ತುಕ್ಕು ಹಿಡಿದ ಅರ್ತಿಂಗ್ ಇವೆಲ್ಲವೂ ತಮ್ಮ ತಪ್ಪನ್ನು ಸ್ವಿಚ್ಚಿನ ತಲೆಗೆ ಕಟ್ಟಬಲ್ಲವು. ವಿಚಾರಣೆ ನಡೆಸದೆ ಸ್ವಿಚ್ಚನ್ನು ಕಿತ್ತು ಬಿಸಾಡಿದ ಮಾಲೀಕರು ಮತ್ತೆ ಎಲ್ಲಿಯೂ ಸಿಗದ ಮೂಲ ಭಾಗವೊಂದನ್ನು ಕಳೆದುಕೊಂಡು, ದೋಷವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಹಾಗಾದರೆ ತಪ್ಪಿತಸ್ಥ ಯಾರೆಂದು ಕಂಡುಹಿಡಿಯುವುದು ಹೇಗೆ?

ಎರಡು ವಂಶ, ಎರಡು ಪದ್ಧತಿ

ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಎರಡು ಕಾರುಗಳ ಮೂಲವೂ ವಿದೇಶದ್ದು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಇಟಲಿಯ ಫಿಯಟ್ 1100 ಡಿ ಮಾದರಿ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳ ಪೈಕಿ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ವಯೋಮಿತಿ ಮುಗಿದು ಸೇವೆಯಿಂದ ನಿವೃತ್ತಿಯಾಯಿತು.

ವಿದ್ಯುತ್ ವ್ಯವಸ್ಥೆಯಲ್ಲಿ ಈ ಎರಡು ವಂಶಗಳ ಸ್ವಭಾವ ಬೇರೆ ಬೇರೆ. ಅಂಬಾಸಿಡರ್ ಅನುಸರಿಸಿದ್ದು ಬ್ರಿಟನ್ನಿನ ಲೂಕಾಸ್ ಪದ್ಧತಿಯನ್ನು. ಬ್ರಿಟಿಷ್ ಕಾರು ಪ್ರಿಯರು ಆ ಕಂಪನಿಯ ಸಂಸ್ಥಾಪಕನನ್ನು 'ಕತ್ತಲೆಯ ರಾಜಕುಮಾರ' ಎಂದು ಗೇಲಿ ಮಾಡುತ್ತಿದ್ದುದು ಪ್ರಸಿದ್ಧ. ಆದರೆ ಲೂಕಾಸ್ ಪದ್ಧತಿಗೆ ಒಂದು ದೊಡ್ಡ ಗುಣವಿದೆ. ತಂತಿಗಳ ಬಣ್ಣಕ್ಕೆ ಅಲ್ಲಿ ನಿಶ್ಚಿತ ಅರ್ಥವಿದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರವಾಗಿ ಬರುವ ತಂತಿ. ಬಿಳಿಯದು ಬೀಗದ ಕೈ ತಿರುಗಿಸಿದಾಗ ಮಾತ್ರ ಜೀವ ಪಡೆಯುವ ತಂತಿ. ಹಸಿರು ಬಣ್ಣದ್ದು ಅದೇ ವಿದ್ಯುತ್ತನ್ನು ಫ್ಯೂಸು ದಾಟಿಸಿ ಒಯ್ಯುತ್ತದೆ. ಫ್ಲ್ಯಾಷರಿನಿಂದ ಇಂಡಿಕೇಟರ್ ಸ್ವಿಚ್ಚಿಗೆ ಬರುವುದು ಕಂದು ಗೆರೆಯ ತಿಳಿಹಸಿರು ತಂತಿ. ಸ್ವಿಚ್ಚಿನಿಂದ ಎಡಬದಿಯ ದೀಪಗಳಿಗೆ ಕೆಂಪು ಗೆರೆಯ ಹಸಿರು, ಬಲಬದಿಗೆ ಬಿಳಿ ಗೆರೆಯ ಹಸಿರು. ನೀಲಿ ಹೆಡ್‌ಲೈಟಿನದು; ಅದರಲ್ಲಿ ಬಿಳಿ ಗೆರೆಯಿದ್ದರೆ ದೂರದ ಬೆಳಕು, ಕೆಂಪು ಗೆರೆಯಿದ್ದರೆ ಡಿಪ್. ಕಪ್ಪು ಅರ್ತಿಂಗ್. ಈ ಪಟ್ಟಿ ಬಾಯಿಪಾಠವಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ನಲವತ್ತು ವರ್ಷಗಳಲ್ಲಿ ಹತ್ತಾರು ಕೈಗಳು ತಮಗೆ ಸಿಕ್ಕ ತಂತಿಯನ್ನು ಜೋಡಿಸಿರುವ ಕಾರಿನಲ್ಲಿ ಬಣ್ಣವನ್ನೇ ಪೂರ್ತಿ ನಂಬುವಂತಿಲ್ಲ. ಬಣ್ಣ ದಾರಿ ತೋರಿಸಬೇಕು, ತೀರ್ಪು ಕೊಡಬೇಕಾದದ್ದು ಮೀಟರು.

ಸ್ವಿಚ್ಚುಗಳು ಇರುವ ಜಾಗದಲ್ಲಿಯೂ ವ್ಯತ್ಯಾಸವಿದೆ. ಅಂಬಾಸಿಡರಿನ ಹಳೆಯ ಮಾದರಿಗಳಲ್ಲಿ ಡಿಪ್ಪರ್ ಸ್ವಿಚ್ಚು ಸ್ಟೀರಿಂಗ್ ಕಂಬದಲ್ಲಿ ಇರಲಿಲ್ಲ. ಅದು ಎಡಗಾಲಿನಿಂದ ಒತ್ತಲು ಅನುಕೂಲವಾಗುವಂತೆ ನೆಲಕ್ಕೆ ಅಳವಡಿಸಿದ್ದ ಗುಂಡಿ. ಮಳೆಗಾಲದಲ್ಲಿ ಚಪ್ಪಲಿಯ ಕೆಸರು, ನೆಲದ ತೇವ ಎರಡನ್ನೂ ಅದು ಸಹಿಸಿಕೊಳ್ಳಬೇಕಿತ್ತು. ಫಿಯಟ್ ಮೂಲದ ಪದ್ಮಿನಿಯಲ್ಲಿ ಆ ಕೆಲಸ ಸ್ಟೀರಿಂಗ್ ಕೆಳಗಿನ ಲಿವರಿಗೆ ಸೇರಿತ್ತು. ಆದ್ದರಿಂದ ಪದ್ಮಿನಿಯ ಕಂಬದೊಳಗೆ ಹರಿಯುವ ವಿದ್ಯುತ್ ಹೆಚ್ಚು, ಬಿಸಿಯೂ ಹೆಚ್ಚು.

ಮೊದಲು ನೋಡುವುದು, ಆಮೇಲೆ ಬಿಚ್ಚುವುದು

ಅನುಭವಿ ಎಲೆಕ್ಟ್ರಿಷಿಯನ್ನರು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕಾರಿನ ಸುತ್ತ ಎರಡು ಸುತ್ತು ಬರುತ್ತಾರೆ. ಪ್ರತಿ ದೀಪವನ್ನೂ ಹಚ್ಚಿ ನೋಡಿ, ಯಾವುದು ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಾರೆ. ಇದು ಕಾಲಹರಣವಲ್ಲ. ದೋಷದ ಲಕ್ಷಣವೇ ಮುಕ್ಕಾಲು ಪಾಲು ಉತ್ತರವನ್ನು ಹೇಳಿಬಿಡುತ್ತದೆ.

ಇಂಡಿಕೇಟರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಡ ಬಲ ಎರಡೂ ಬದಿ ಉರಿಯುತ್ತಿಲ್ಲವೆಂದರೆ ಅನುಮಾನ ಮೊದಲು ಹೋಗಬೇಕಾದದ್ದು ಎರಡಕ್ಕೂ ಸಮಾನವಾದ ಭಾಗಗಳ ಮೇಲೆ. ಫ್ಯೂಸು, ಫ್ಲ್ಯಾಷರ್, ಸ್ವಿಚ್ಚಿಗೆ ಬರುವ ತಂತಿ ಇವು ಆ ಭಾಗಗಳು. ಒಂದು ಬದಿ ಸರಿಯಾಗಿದ್ದು ಇನ್ನೊಂದು ಬದಿಯ ಮುಂದಿನ, ಹಿಂದಿನ ದೀಪಗಳೆರಡೂ ಸತ್ತಿದ್ದರೆ ಸ್ವಿಚ್ಚಿನ ಆ ಬದಿಯ ಸಂಪರ್ಕವನ್ನೋ, ಅಲ್ಲಿಂದ ಹೊರಡುವ ತಂತಿಯನ್ನೋ ಶಂಕಿಸುವುದು ನ್ಯಾಯ. ಒಂದೇ ಬದಿಯಲ್ಲಿ ಮುಂದಿನ ದೀಪ ಉರಿದು ಹಿಂದಿನದು ಉರಿಯದಿದ್ದರೆ ಸ್ವಿಚ್ಚು ನಿರಪರಾಧಿ. ಏಕೆಂದರೆ ಆ ಎರಡೂ ದೀಪಗಳಿಗೆ ಸ್ವಿಚ್ಚಿನಿಂದ ಹೊರಡುವುದು ಒಂದೇ ದಾರಿ. ಅಲ್ಲಿ ನೋಡಬೇಕಾದದ್ದು ಬಲ್ಬು, ಹೋಲ್ಡರು ಮತ್ತು ಅರ್ತಿಂಗ್.

ಮಿಟುಕುವ ಲಯವೂ ಒಂದು ಸುಳಿವು. ಹಳೆಯ ಫ್ಲ್ಯಾಷರ್‌ಗಳು ಬಿಸಿಯಾಗಿ ಬಾಗುವ ಅಥವಾ ಹಿಗ್ಗುವ ಲೋಹದ ಮೇಲೆ ನಡೆಯುತ್ತವೆ. ತಲಾ 21 ವ್ಯಾಟಿನ ಎರಡು ಬಲ್ಬುಗಳು ಉರಿದಾಗ 12 ವೋಲ್ಟಿನಲ್ಲಿ ಹರಿಯುವ ಸುಮಾರು 3.5 ಆಂಪಿಯರ್ ವಿದ್ಯುತ್ತೇ ಅದಕ್ಕೆ ಬಿಸಿ ಕೊಡುವುದು. ಒಂದು ಬಲ್ಬು ಸುಟ್ಟರೆ ವಿದ್ಯುತ್ ಅರ್ಧಕ್ಕೆ ಇಳಿದು ಲಯ ಕೆಡುತ್ತದೆ. ಕೆಲವು ಫ್ಲ್ಯಾಷರ್‌ಗಳು ಮಿಟುಕುವುದನ್ನೇ ನಿಲ್ಲಿಸುತ್ತವೆ. ಸವೆದ ಸ್ವಿಚ್ಚೂ ವಿದ್ಯುತ್ತನ್ನು ತಡೆದು ಇದೇ ಲಕ್ಷಣವನ್ನು ತೋರಿಸಬಹುದು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿಟುಕಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ ಅಪೇಕ್ಷೆ. ಕೈಗಡಿಯಾರ ಹಿಡಿದು ಎಣಿಸಿದರೆ ಸಾಕು, ತಿಳಿಯುತ್ತದೆ.

ಹೆಡ್‌ಲೈಟಿನಲ್ಲಿಯೂ ತರ್ಕ ಇದೇ. ಒಂದೇ ದೀಪ ಮಂಕಾಗಿದ್ದರೆ ಸ್ವಿಚ್ಚಿನ ತಪ್ಪಲ್ಲ. ಎರಡೂ ದೀಪಗಳಲ್ಲಿ ದೂರದ ಬೆಳಕಿದ್ದು ಡಿಪ್ ಮಾತ್ರ ಇಲ್ಲದಿದ್ದರೆ ಡಿಪ್ಪರ್ ಸ್ವಿಚ್ಚಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ದೀಪವೂ ಸಣ್ಣಗೆ ಮಿಟುಕಿದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಬೆಳಗಿದರೆ ಅದು ಅರ್ತಿಂಗ್ ಕೆಟ್ಟಿರುವುದರ ಲಕ್ಷಣ. ತನ್ನ ದಾರಿ ಮುಚ್ಚಿಹೋದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ಹಿಂದಿರುಗುವ ದಾರಿ ಹುಡುಕುವುದರಿಂದ ಹೀಗಾಗುತ್ತದೆ.

ಬೇಕಾದ ಸಲಕರಣೆ

ಈ ಪರೀಕ್ಷೆಗೆ ದುಬಾರಿ ಯಂತ್ರಗಳೇನೂ ಬೇಡ. ಒಂದು ಹೋಲ್ಡರಿಗೆ 12 ವೋಲ್ಟಿನ ಬಲ್ಬು ಹಾಕಿ ಎರಡು ತಂತಿ ಹೊರಡಿಸಿದ ಟೆಸ್ಟ್ ಲ್ಯಾಂಪ್, ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ನಡುವೆ ಫ್ಯೂಸು ಇರುವ ಒಂದು ಜೋಡಣೆ ತಂತಿ, ವಿದ್ಯುತ್ ಸಂಪರ್ಕಗಳಿಗೆಂದೇ ಮಾರುವ ಕ್ಲೀನರ್ ಇಷ್ಟಿದ್ದರೆ ಸಾಕು. ಟೆಸ್ಟ್ ಲ್ಯಾಂಪಿಗೆ ಮೀಟರಿಗಿಲ್ಲದ ಒಂದು ಗುಣವಿದೆ. ತುಂಡಾಗುವ ಹಂತದಲ್ಲಿರುವ ತಂತಿಯ ಒಂದೇ ಎಳೆ ಉಳಿದಿದ್ದರೂ ಮೀಟರು 12 ವೋಲ್ಟ್ ತೋರಿಸಿ ಮೋಸ ಮಾಡಬಹುದು. ಬಲ್ಬಾದರೆ ಹೊರೆ ಹೊತ್ತು ನೋಡುತ್ತದೆ, ಮಂಕಾಗಿ ಉರಿದು ಸತ್ಯ ನುಡಿಯುತ್ತದೆ.

ಕೆಲಸಕ್ಕೆ ಮುನ್ನ ಬ್ಯಾಟರಿಯನ್ನು ಅಳೆಯಬೇಕು. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಹಾಗೆಯೇ ಬ್ಯಾಟರಿಯ ಯಾವ ತುದಿ ಬಾಡಿಗೆ ಜೋಡಣೆಯಾಗಿದೆ ಎಂಬುದನ್ನು ಕಣ್ಣಾರೆ ನೋಡುವುದು ಅವಶ್ಯ. ಮೂಲ ಮೋರಿಸ್ ಆಕ್ಸ್‌ಫರ್ಡ್ ಸೇರಿದಂತೆ ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯೇ ಬಾಡಿಗೆ ಸೇರುತ್ತಿತ್ತು. ಅಂತಹ ಕಾರಿಗೆ ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಷರನ್ನೋ ರೇಡಿಯೋವನ್ನೋ ವಿಚಾರಿಸದೆ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು.

ಫ್ಯೂಸನ್ನು ಕಣ್ಣಿನಿಂದ ನೋಡಿ 'ಸರಿಯಿದೆ' ಎನ್ನುವುದು ಸಾಮಾನ್ಯ ತಪ್ಪು. ಫ್ಯೂಸಿನ ಒಳಗಿನ ತಂತಿ ಸರಿಯಿದ್ದರೂ ಅದನ್ನು ಹಿಡಿದಿರುವ ಲೋಹದ ಕೊಕ್ಕೆಗಳು ಕಿಲುಬು ಹಿಡಿದಿರುತ್ತವೆ. ಫ್ಯೂಸನ್ನು ತೆಗೆದು, ಎರಡೂ ತುದಿ ಮತ್ತು ಕೊಕ್ಕೆಗಳನ್ನು ಉಜ್ಜಿ, ಬಿಗಿಯಾಗಿ ಕೂರಿಸಿದ ಮೇಲೆ ಎಷ್ಟೋ 'ಸ್ವಿಚ್ಚಿನ ದೋಷ'ಗಳು ತಾವಾಗಿಯೇ ಮಾಯವಾಗುತ್ತವೆ.

ಸ್ವಿಚ್ಚಿನ ವಿಚಾರಣೆ

ಇಷ್ಟೆಲ್ಲ ಸರಿಯಿದ್ದೂ ದೋಷ ಉಳಿದಿದ್ದರೆ ಸ್ವಿಚ್ಚನ್ನು ಪರೀಕ್ಷಿಸುವ ಸರದಿ. ಇದಕ್ಕೆ ಸ್ಟೀರಿಂಗ್ ಚಕ್ರವನ್ನು ಬಿಚ್ಚಬೇಕಾಗಿಲ್ಲ. ಸ್ವಿಚ್ಚಿನಿಂದ ಹೊರಡುವ ತಂತಿಗಳು ಕಂಬದ ಉದ್ದಕ್ಕೂ ಇಳಿದು, ಡ್ಯಾಶ್‌ಬೋರ್ಡಿನ ಕೆಳಗೆ ಮುಖ್ಯ ವೈರಿಂಗಿಗೆ ಜೋಡಣೆಯಾಗುತ್ತವೆ. ಆ ಜೋಡಣೆಯೇ ಪರೀಕ್ಷೆಗೆ ಪ್ರಶಸ್ತ ಸ್ಥಳ.

ಮೊದಲನೆಯದಾಗಿ, ಬೀಗದ ಕೈ ತಿರುಗಿಸಿ, ಸ್ವಿಚ್ಚಿಗೆ ಬರುವ ತಂತಿಯಲ್ಲಿ ವಿದ್ಯುತ್ ಇದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡಬೇಕು. ಇಲ್ಲವೆಂದಾದರೆ ದೋಷ ಸ್ವಿಚ್ಚಿಗೂ ಹಿಂದೆ ಇದೆ. ವಿದ್ಯುತ್ ಇದ್ದರೆ, ಲಿವರನ್ನು ಎಡಕ್ಕೆ ಹಾಕಿ ಹೊರಡುವ ತಂತಿಯಲ್ಲಿ ನೋಡಬೇಕು. ಒಳಬರುವಲ್ಲಿ ಇದ್ದು ಹೊರಹೋಗುವಲ್ಲಿ ಇಲ್ಲದಿದ್ದರೆ ಸ್ವಿಚ್ಚಿನ ಅಪರಾಧ ಸಾಬೀತಾದಂತೆ. ಅದನ್ನು ಖಚಿತಪಡಿಸಿಕೊಳ್ಳಲು, ಫ್ಯೂಸು ಇರುವ ಜೋಡಣೆ ತಂತಿಯಿಂದ ಒಳಬರುವ ತಂತಿಯನ್ನೂ ಎಡಬದಿಯ ತಂತಿಯನ್ನೂ ನೇರವಾಗಿ ಸೇರಿಸಬೇಕು. ಆಗ ಎಡಬದಿಯ ದೀಪಗಳು ಸರಿಯಾಗಿ ಮಿಟುಕಿದರೆ ಮುಂದಿನ ವೈರಿಂಗ್ ಎಲ್ಲವೂ ಕ್ಷೇಮ ಎಂದು ಅರ್ಥ.

ಸ್ವಿಚ್ಚು ಪೂರ್ತಿ ಸಾಯದೆ ಅರೆಜೀವವಾಗಿದ್ದರೆ ಇನ್ನೊಂದು ಪರೀಕ್ಷೆ ಬೇಕು. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಸ್ವಿಚ್ಚಿನ ಒಳಬರುವ ತುದಿಗೂ ಇನ್ನೊಂದನ್ನು ಹೊರಹೋಗುವ ತುದಿಗೂ ಇಡಬೇಕು. ಆರೋಗ್ಯವಂತ ಸ್ವಿಚ್ಚಿನಲ್ಲಿ ಮೀಟರು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ವಿದ್ಯುತ್ ಬಲ ಸ್ವಿಚ್ಚಿನೊಳಗೇ ಸೋರಿಹೋಗುತ್ತಿದೆ ಎಂದು ತಿಳಿಯಬೇಕು.

ಈ ಸೋರಿಕೆ ಸಣ್ಣದೆಂದು ತೋರಬಹುದು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ತಲಾ 60 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ 10 ಆಂಪಿಯರ್ ಬೇಕು. ಸ್ವಿಚ್ಚಿನ ಸಂಪರ್ಕದಲ್ಲಿ ಒಂದು ಓಮ್‌ನ ಹತ್ತನೆಯ ಒಂದು ಭಾಗದಷ್ಟು ತಡೆ ಹುಟ್ಟಿಕೊಂಡರೂ ಅಲ್ಲಿ 1 ವೋಲ್ಟ್ ನಷ್ಟವಾಗುತ್ತದೆ, 10 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಬೆರಳತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ ಹುಟ್ಟುವ ಶಾಖ ಅದು. ಇನ್ನೊಂದೆಡೆ, ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ, 12ರಲ್ಲಿ 1 ವೋಲ್ಟ್ ಹೋದರೆ ಬೆಳಕಿನ ಸುಮಾರು ಕಾಲುಭಾಗವೇ ಹೋಗುತ್ತದೆ. ಹಳೆಯ ಕಾರುಗಳ ದೀಪ ಮೇಣದಬತ್ತಿಯಂತೆ ಉರಿಯುತ್ತದೆಂಬ ದೂರಿನ ಹಿಂದಿರುವ ಒಂದು ಮುಖ್ಯ ಕಾರಣ ಇದೇ. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬು ಹಾಕಿಸಿದವರು ಅದೇ ಸವೆದ ಸ್ವಿಚ್ಚಿನ ಮೇಲೆ 16 ಆಂಪಿಯರಿಗೂ ಮಿಕ್ಕಿದ ಹೊರೆ ಹೇರಿ, ಕಾಯಿಲೆಯನ್ನು ಉಲ್ಬಣಗೊಳಿಸುತ್ತಾರೆ.

ಇಲ್ಲಿ ಅಪಾಯದ ಮಾತೂ ಬರುತ್ತದೆ. ಆ ಕಾಲದ ಬಹಳಷ್ಟು ಬ್ರಿಟಿಷ್ ಮೂಲದ ಕಾರುಗಳಲ್ಲಿ ಹೆಡ್‌ಲೈಟಿನ ದಾರಿಯಲ್ಲಿ ಫ್ಯೂಸೇ ಇರುತ್ತಿರಲಿಲ್ಲ. ರಸ್ತೆಯ ಮೇಲೆ ಒಮ್ಮೆಲೇ ಕತ್ತಲಾಗಬಾರದೆಂಬುದು ವಿನ್ಯಾಸಕಾರರ ಉದ್ದೇಶವಾಗಿತ್ತು. ಆದರೆ ಕಂಬದೊಳಗಿನ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೆ ಅದನ್ನು ತಡೆಯುವವರು ಯಾರೂ ಇಲ್ಲ. ಸುಟ್ಟ ವಾಸನೆ, ಮೆತ್ತಗಾದ ಪ್ಲಾಸ್ಟಿಕ್, ಮುಟ್ಟಿದರೆ ಬಿಸಿಯೆನಿಸುವ ಕಂಬದ ಮುಚ್ಚಳ ಈ ಮೂರರಲ್ಲಿ ಒಂದು ಕಂಡರೂ ಕಾರನ್ನು ನಿಲ್ಲಿಸಿ ಬ್ಯಾಟರಿಯ ತಂತಿ ಕಳಚುವುದೇ ವಿವೇಕ.

ಹಾರ್ನಿನ ಕಥೆ ಬೇರೆ

ಹಾರ್ನ್ ಒತ್ತುವ ಗುಂಡಿ ಅಥವಾ ಬಳೆ ಚಕ್ರದೊಡನೆ ತಿರುಗುತ್ತದೆ. ಹಾರ್ನ್ ಇರುವುದು ಮುಂಭಾಗದಲ್ಲಿ, ಸ್ಥಿರವಾಗಿ. ತಿರುಗುವ ಗುಂಡಿಯಿಂದ ತಿರುಗದ ತಂತಿಗೆ ವಿದ್ಯುತ್ ದಾಟಿಸಲು ಸಾಮಾನ್ಯವಾಗಿ ಒಂದು ಹಿತ್ತಾಳೆಯ ಉಂಗುರ, ಅದನ್ನು ಸವರುತ್ತ ನಿಲ್ಲುವ ಸ್ಪ್ರಿಂಗ್ ಕಡ್ಡಿ ಇರುತ್ತವೆ. ಹಲವು ಕಾರುಗಳಲ್ಲಿ ಹಾರ್ನಿಗೆ ವಿದ್ಯುತ್ ಸದಾ ಇರುತ್ತದೆ. ಗುಂಡಿ ಮಾಡುವುದು ಅದನ್ನು ಅರ್ತಿಂಗಿಗೆ ಸೇರಿಸುವ ಕೆಲಸ ಮಾತ್ರ.

ಇದನ್ನು ತಿಳಿದರೆ ಪರೀಕ್ಷೆ ಸುಲಭ. ಹಾರ್ನ್ ಮೌನವಾಗಿದ್ದರೆ, ಗುಂಡಿಯ ಕಡೆಯಿಂದ ಹಾರ್ನಿಗೆ ಬರುವ ತಂತಿಯನ್ನು ಹಾರ್ನಿನ ಬಳಿ ಬಿಡಿಸಿ, ಆ ತುದಿಯನ್ನು ಜೋಡಣೆ ತಂತಿಯಿಂದ ಬಾಡಿಗೆ ಮುಟ್ಟಿಸಬೇಕು. ಕೂಗಿದರೆ ಹಾರ್ನೂ ಫ್ಯೂಸೂ ಸರಿಯಿವೆ, ದೋಷ ಕಂಬದಲ್ಲಿದೆ. ಚಕ್ರ ಒಂದು ನಿರ್ದಿಷ್ಟ ಕೋನದಲ್ಲಿರುವಾಗ ಮಾತ್ರ ಹಾರ್ನ್ ಮೂಕವಾದರೆ ಉಂಗುರ ಅಲ್ಲಿ ಸವೆದಿದೆ ಅಥವಾ ಹಳೆಯ ಗ್ರೀಸು ಗಟ್ಟಿಯಾಗಿ ಕೂತಿದೆ. ತಿರುವಿನಲ್ಲಿ ಒತ್ತದೆಯೇ ಕೂಗಿದರೆ ತಂತಿಯ ಹೊದಿಕೆ ಹರಿದು ಕಂಬಕ್ಕೆ ತಗುಲುತ್ತಿದೆ. ಸ್ಟೀರಿಂಗ್ ವ್ಯವಸ್ಥೆಯಲ್ಲಿ ರಬ್ಬರಿನ ಜೋಡಣೆ ಇರುವ ಕಾರುಗಳಲ್ಲಿ ಕಂಬಕ್ಕೇ ಅರ್ತಿಂಗ್ ತಪ್ಪಿಹೋಗಿ, ಎಲ್ಲ ಸರಿಯಿದ್ದೂ ಹಾರ್ನ್ ಕೂಗದಿರುವುದುಂಟು. ಆಗ ರಬ್ಬರನ್ನು ದಾಟಿಸುವ ಒಂದು ಗೇಣು ಹೆಣೆದ ತಂತಿಯೇ ಮದ್ದು.

ಹಿಂದಿರುಗದ ಇಂಡಿಕೇಟರ್

ತಿರುವು ಮುಗಿದ ಮೇಲೂ ಇಂಡಿಕೇಟರ್ ಲಿವರ್ ತಾನಾಗಿ ಹಿಂದಿರುಗದಿದ್ದರೆ ಅದು ವಿದ್ಯುತ್ತಿನ ದೋಷವಲ್ಲ, ಯಂತ್ರದ ದೋಷ. ಸ್ಟೀರಿಂಗ್ ದಂಡದ ಮೇಲಿನ ಒಂದು ಉಬ್ಬು, ಸ್ವಿಚ್ಚಿನ ಪುಟ್ಟ ನಾಲಗೆಯನ್ನು ತಳ್ಳಿ ಲಿವರನ್ನು ಮಧ್ಯಕ್ಕೆ ತರುತ್ತದೆ. ನಾಲಗೆ ಮುರಿದಿದ್ದರೆ ಲಿವರ್ ನಿಂತಲ್ಲೇ ನಿಲ್ಲುತ್ತದೆ. ಒಂದು ಬದಿ ಮಾತ್ರ ಹಿಂದಿರುಗುತ್ತಿದ್ದರೆ, ಅಥವಾ ತಿರುವು ಮುಗಿಯುವ ಮೊದಲೇ ಹಾರಿಬಿದ್ದರೆ, ಹಿಂದೆ ಯಾರೋ ಚಕ್ರ ಬಿಚ್ಚಿ ಜೋಡಿಸುವಾಗ ಉಬ್ಬಿನ ಸ್ಥಾನ ತಪ್ಪಿಸಿದ್ದಾರೆ ಎಂದು ಊಹಿಸಬಹುದು. ಬಲಕ್ಕೆ ತಿರುಗುವ ಸೂಚನೆ ಕೊಡುತ್ತಲೇ ನೇರ ಸಾಗುವ ಕಾರನ್ನು ನಂಬಿ ಹಿಂದಿಕ್ಕಲು ಹೊರಟ ದ್ವಿಚಕ್ರ ಸವಾರನ ಪಾಡನ್ನು ನೆನೆದರೆ ಈ ಪುಟ್ಟ ನಾಲಗೆಯ ಬೆಲೆ ಅರ್ಥವಾದೀತು.

ಬಿಚ್ಚುವಾಗ ಎಚ್ಚರ

ದೋಷ ಸ್ವಿಚ್ಚಿನದೇ ಎಂದು ಖಚಿತವಾದ ಮೇಲಷ್ಟೇ ಚಕ್ರ ಬಿಚ್ಚುವ ಮಾತು. ಮೊದಲ ಹೆಜ್ಜೆ ಬ್ಯಾಟರಿಯ ತಂತಿ ಕಳಚುವುದು. ಎರಡನೆಯದು ಮುಂದಿನ ಗಾಲಿಗಳನ್ನು ನೇರ ನಿಲ್ಲಿಸುವುದು. ಮೂರನೆಯದು ಚಕ್ರಕ್ಕೂ ದಂಡಕ್ಕೂ ಒಂದೇ ಗೆರೆಯಲ್ಲಿ ಗುರುತು ಹಾಕುವುದು. ನಡುವಿನ ನಟ್ಟನ್ನು ಸಡಿಲಿಸಬೇಕೇ ಹೊರತು ಪೂರ್ತಿ ತೆಗೆಯಬಾರದು. ಹಲವು ವರ್ಷ ಕಚ್ಚಿ ಕೂತ ಚಕ್ರ ಒಮ್ಮೆಲೇ ಕಿತ್ತುಬಂದರೆ ನೇರ ಮುಖಕ್ಕೇ ಬಡಿಯುತ್ತದೆ. ಕೆಲವು ಸುತ್ತು ಉಳಿಸಿದ ನಟ್ಟು ಅದನ್ನು ತಡೆಯುತ್ತದೆ. ಸುತ್ತಿಗೆಯಿಂದ ದಂಡದ ತಲೆಗೆ ಹೊಡೆಯುವುದು ಸಲ್ಲದು. ಅದಕ್ಕೆಂದೇ ಪುಲ್ಲರ್ ಸಿಗುತ್ತದೆ.

ಪ್ರತಿ ಹಂತದಲ್ಲೂ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು, ಪ್ರತಿ ತಂತಿಗೂ ಚೀಟಿ ಅಂಟಿಸುವುದು ಒಳ್ಳೆಯ ರೂಢಿ. ಸ್ವಿಚ್ಚಿನ ಒಳಗೆ ಸಾಸಿವೆ ಗಾತ್ರದ ಗುಂಡುಗಳು, ಕೂದಲೆಳೆಯಂಥ ಸ್ಪ್ರಿಂಗುಗಳು ಇರಬಹುದು. ಮುಚ್ಚಳ ತೆರೆದ ಕೂಡಲೇ ಹಾರಿ ಸೀಟಿನ ಕೆಳಗೆ ಸೇರಿದರೆ ಹುಡುಕಿದರೂ ಸಿಗಲಾರವು. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ತೆರೆಯುವುದು ಇದಕ್ಕೆ ಪರಿಹಾರ.

ಕಪ್ಪಾದ ಸಂಪರ್ಕ ಬಿಂದುಗಳನ್ನು ಒರಟು ಉಪ್ಪುಕಾಗದದಿಂದ ತಿಕ್ಕಿದರೆ ಉಳಿದ ಲೋಹವೂ ಹೋಗುತ್ತದೆ. ಅತಿ ನಯವಾದ ಕಾಗದದಿಂದ ಹಗುರವಾಗಿ ಉಜ್ಜಿ, ಕ್ಲೀನರಿನಿಂದ ತೊಳೆದು ಒಣಗಿಸಬೇಕು. ಸೊರಗಿದ ಹಿತ್ತಾಳೆ ಪಟ್ಟಿಯನ್ನು ಕೊಂಚವೇ ಬಾಗಿಸಿ ಬಿಗಿ ತರಬಹುದು. ಪೆಟ್ರೋಲಿನಿಂದ ತೊಳೆಯುವ ಹಳೆಯ ಪದ್ಧತಿ ಅಪಾಯಕಾರಿ. ಮುಂದೆ ಅದೇ ಜಾಗದಲ್ಲಿ ಕಿಡಿ ಹಾರಲಿದೆ ಎಂಬುದನ್ನು ಮರೆಯಬಾರದು. ಗ್ರೀಸು ಬೇಕಾದದ್ದು ಜಾರುವ ಭಾಗಗಳಿಗೆ, ಅದೂ ತೆಳುವಾಗಿ. ಲಿವರಿನ ಬುಡದಲ್ಲಿ ಬಾಗಿ ಬಾಗಿ ತುಂಡಾಗುವ ತಂತಿಗಳನ್ನು ಇದೇ ಸಂದರ್ಭದಲ್ಲಿ ಬದಲಿಸುವುದು ಜಾಣತನ.

ಹೊಸ ಸ್ವಿಚ್ಚು ಹಾಕಲೇಬೇಕಾದರೂ ಹಳೆಯದನ್ನು ಎಸೆಯಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹುಡುಕುವಾಗ ಮಾದರಿಯಾಗಿ ತೋರಿಸಲು ಅದೇ ಆಧಾರ. ಸಿಗುವ ನಕಲಿ ಸ್ವಿಚ್ಚಿನ ಒಳಭಾಗ ಕಳಪೆಯಾಗಿದ್ದರೆ ಎರಡನ್ನೂ ಸೇರಿಸಿ ಒಂದು ಮಾಡಬಲ್ಲ ಕೈಗಳು ಇನ್ನೂ ಅಲ್ಲಲ್ಲಿ ಇವೆ. ಅಂತಹ ಕೈಗಳು ಕಡಿಮೆಯಾಗುತ್ತಿವೆ ಎಂಬ ಕಾರಣಕ್ಕೇ ಮಾಲೀಕರು ಸ್ವತಃ ಒಂದಿಷ್ಟು ಕಲಿತಿರುವುದು ಅಗತ್ಯ.

ಕಾಯಿಲೆ ಮರುಕಳಿಸದಿರಲು

ಸ್ವಿಚ್ಚನ್ನು ಸರಿಪಡಿಸಿದ ಮೇಲೆ ಅದರ ಹೊರೆ ಇಳಿಸುವುದೇ ಶಾಶ್ವತ ಪರಿಹಾರ. ಹೆಡ್‌ಲೈಟಿಗೆ ಎರಡು, ಹಾರ್ನಿಗೆ ಒಂದು ರಿಲೇ ಅಳವಡಿಸಿದರೆ ಭಾರೀ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ದೀಪಕ್ಕೆ ಹೋಗುತ್ತದೆ. ಸ್ವಿಚ್ಚು ಹೊರಬೇಕಾದದ್ದು ರಿಲೇಯ ಸುರುಳಿಗೆ ಬೇಕಾದ, ಒಂದು ಆಂಪಿಯರಿನ ಸಣ್ಣ ಭಾಗವಷ್ಟೇ. ರಿಲೇಗಳನ್ನು ಬಾನೆಟ್ಟಿನೊಳಗೆ ಕಣ್ಣಿಗೆ ಬೀಳದಂತೆ ಇರಿಸಬಹುದು. ಮೂಲ ವೈರಿಂಗನ್ನು ಕತ್ತರಿಸದೆ ಜೋಡಿಸಿದರೆ ಬೇಕೆಂದಾಗ ತೆಗೆಯಲೂಬಹುದು.

ಜೋಡಣೆ ಮುಗಿದ ಬಳಿಕ ಚಕ್ರವನ್ನು ಎಡ ತುದಿಯಿಂದ ಬಲ ತುದಿಯವರೆಗೆ ಪೂರ್ತಿ ತಿರುಗಿಸಿ, ತಂತಿ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುತ್ತಿಲ್ಲ, ಹಾರ್ನ್ ಎಲ್ಲ ಕೋನದಲ್ಲೂ ಕೂಗುತ್ತದೆ, ಲಿವರ್ ಎರಡೂ ಬದಿ ಹಿಂದಿರುಗುತ್ತದೆ ಎಂದು ನೋಡಬೇಕು. ಚಕ್ರದ ನಟ್ಟು ತಯಾರಕರು ಹೇಳಿದಷ್ಟು ಬಿಗಿಯಾಗಿರಲೇಬೇಕು. ಆ ಮೇಲೆ ಹಗಲಿನಲ್ಲಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡುವುದು ಕೊನೆಯ ಪರೀಕ್ಷೆ.

ಕಾನೂನಿನ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ದೀಪ, ಹಾರ್ನ್, ಇಂಡಿಕೇಟರ್‌ಗಳ ತಪಾಸಣೆ ನಡೆಯುತ್ತದೆ. ಕೇಂದ್ರ ಸರಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಆ ನೋಂದಣಿ ಪಡೆದವು ನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ, ರ್‍ಯಾಲಿಗಳಂತಹ ಸಂದರ್ಭಗಳಿಗೆ ರಸ್ತೆಗಿಳಿಯಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡು ಬೆರಗಾಗುವ ಜನ, ರಸ್ತೆಯಲ್ಲಿ ಅಂತಹದೇ ಕಾರು ಎದುರಾದಾಗ ದಾರಿ ಬಿಟ್ಟು ನಗುತ್ತಾರೆ. ಆ ಪ್ರೀತಿಗೆ ತಕ್ಕ ಹೊಣೆಯೂ ಮಾಲೀಕರದೇ.

ಹಳೆಯ ಕಾರಿನ ಹೊರಮೈಗೆ ಬಣ್ಣ ಬಳಿಸಲು, ಕ್ರೋಮಿಗೆ ಹೊಳಪು ತರಲು ಸಾವಿರಾರು ರೂಪಾಯಿ ವೆಚ್ಚ ಮಾಡುವವರು ಕಂಬದೊಳಗಿನ ಹಿತ್ತಾಳೆಯ ತುಣುಕನ್ನು ಮರೆಯುವುದು ಸಹಜ; ಅದು ಯಾರಿಗೂ ಕಾಣುವುದಿಲ್ಲ. ಆದರೆ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸಿನ ಚಾಲಕನಿಗೆ ಕಾಣುವುದು ಕ್ರೋಮಿನ ಹೊಳಪಲ್ಲ, ದೀಪದ ಬೆಳಕು. ಮಳೆಗಾಲ ಶುರುವಾಗುವ ಮುನ್ನ ಒಂದು ಭಾನುವಾರದ ಬೆಳಗನ್ನು, ಒಂದು ಟೆಸ್ಟ್ ಲ್ಯಾಂಪನ್ನು ಅದಕ್ಕೆಂದು ಮೀಸಲಿಡುವುದು ದೊಡ್ಡ ವೆಚ್ಚವೇನಲ್ಲ.